ಒಂದು ಮೊರ ತೌಡು

ಅಮುದಾ ಯಾವುದಕ್ಕೂ ತಟ್ಟನೆ ಹೂಂ ಅನ್ನುವವಳಲ್ಲ. ಉತ್ತಮಪಾಳಯಂನಲ್ಲಿ ಆಕೆಯನ್ನು ಬಲ್ಲವರೆಲ್ಲ ಮೊದಲು ಹೇಳುತ್ತಿದ್ದ ಮಾತು ಇದೇ. ಹಾಲಿನ ಸೊಸೈಟಿಯವನು ನಾಳೆಯಿಂದ ಸ್ವಲ್ಪ ಬೇಗ ತರ್ತೀಯಾ ಎಂದು ಕೇಳಿದರೂ, ನೋಡ್ತೀನಿ ಎಂದು ಹೇಳಿ ಮನೆಗೆ ಬಂದು, ಹಸುಗಳ ಮುಂದೆ ಒಂದಷ್ಟು ಹೊತ್ತು ನಿಂತು, ಮರುದಿನ ಉತ್ತರ ಕೊಡುತ್ತಿದ್ದಳು. ಆದರೆ ಒಮ್ಮೆ ಒಪ್ಪಿಕೊಂಡ ಮೇಲೆ ಅದರಿಂದ ಹಿಂದೆ ಸರಿದದ್ದನ್ನು ಯಾರೂ ಕಂಡಿರಲಿಲ್ಲ.

ಹುಟ್ಟಿದ್ದು ಮಾರ್ಕಯನ್‌ಕೋಟ್ಟೈಯಲ್ಲಿ, ಐದು ಹೆಣ್ಣುಮಕ್ಕಳಲ್ಲಿ ಕೊನೆಯವಳಾಗಿ. ಎಂಟನೆಯ ತರಗತಿಗೆ ಓದು ನಿಂತಿತು. ಹತ್ತೊಂಬತ್ತಕ್ಕೆ ಅಳಗರನ ಕೈಹಿಡಿದು ಉತ್ತಮಪಾಳಯಂಗೆ ಬಂದಳು. ಅಳಗರನಿಗೆ ಕಾಲುವೆಯ ಪಕ್ಕ ಒಂದಿಷ್ಟು ಗದ್ದೆ, ಒಂದಿಷ್ಟು ಬಾಳೆ. ಇಬ್ಬರು ಗಂಡುಮಕ್ಕಳಾದರು, ವಿಘ್ನೇಶ್ವರನ್ ಮತ್ತು ದುರೈ. ದುರೈ ಹುಟ್ಟಿದ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡಳು. ಆ ಕಣಿವೆಯಲ್ಲಿ ಅವಳ ವಯಸ್ಸಿನ ಹೆಂಗಸರು ಮುಕ್ಕಾಲು ಪಾಲು ಹಾಗೆಯೇ ಮಾಡಿಸಿಕೊಂಡವರು. ಹೆರುವ ಕೆಲಸ ಮುಗಿಯಿತು, ಇನ್ನು ಸಾಕುವ ಕೆಲಸ ಎಂದುಕೊಂಡು ಎರಡು ಹಸು ಕಟ್ಟಿದಳು.

ಅವರದು ಎಷ್ಟೋ ತಲೆಮಾರುಗಳ ಹಿಂದೆ ಘಟ್ಟ ಇಳಿದು ಬಂದು ನೆಲೆನಿಂತ ಕನ್ನಡದ ಒಕ್ಕಲು ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬರೆಯುವುದು, ಓದುವುದು, ದೇವರಿಗೆ ಅರ್ಚನೆ ಹೇಳಿಸುವುದು ಎಲ್ಲ ತಮಿಳಿನಲ್ಲೇ. ಆ ಕನ್ನಡ ಬಾಯಲ್ಲಿ ಮಾತ್ರ ಉಳಿದಿತ್ತು, ಅದಕ್ಕೆ ಅಕ್ಷರವಿದೆಯೆಂಬುದೇ ಅವರಲ್ಲಿ ಹಲವರಿಗೆ ತಿಳಿಯದು.

ಅಳಗರನಿಗೆ ಒಬ್ಬಳೇ ತಂಗಿ, ಜೆಯಲಕ್ಷ್ಮಿ. ದಿಂಡಿಗಲ್ಲಿನಲ್ಲಿ ಸಣ್ಣ ಈರುಳ್ಳಿಯ ಮಂಡಿ ಇಟ್ಟಿದ್ದ ತಂಗರಾಜನಿಗೆ ಕೊಟ್ಟಿದ್ದರು. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿರಲಿಲ್ಲ. ಪಳನಿಗೆ ನಡೆದರು, ಹರಕೆ ಹೊತ್ತರು, ನಾಟಿ ಔಷಧ ಕುಡಿದರು. ಮೂವತ್ತು ತುಂಬುವ ಮುಂಚೆಯೇ ಜೆಯಲಕ್ಷ್ಮಿಯ ಮುಟ್ಟು ಹಿಂದೆ ಮುಂದೆಯಾಗಿ, ಒಂದು ದಿನ ನಿಂತೇಹೋಯಿತು. ಮದುರೈಯ ದೊಡ್ಡ ಆಸ್ಪತ್ರೆಯೊಂದರ ಡಾಕ್ಟರಮ್ಮ ಪರೀಕ್ಷೆಯೆಲ್ಲ ಮಾಡಿ, ಗರ್ಭಕೋಶ ಗಟ್ಟಿಯಾಗಿದೆ, ಮಗುವನ್ನು ಹೊರಬಲ್ಲದು, ಆದರೆ ಅಂಡಾಶಯ ಕಾಲಕ್ಕೆ ಮುಂಚೆ ಬತ್ತಿದೆ ಎಂದಳು. ಬೇರೆ ಹೆಂಗಸೊಬ್ಬಳು ತನ್ನ ಅಂಡವನ್ನು ಕೊಟ್ಟರೆ, ಅದನ್ನು ತಂಗರಾಜನ ವೀರ್ಯದೊಂದಿಗೆ ಗಾಜಿನ ತಟ್ಟೆಯಲ್ಲಿ ಸೇರಿಸಿ ಜೆಯಲಕ್ಷ್ಮಿಯ ಗರ್ಭದಲ್ಲಿ ಇಡಬಹುದು. ಅಕ್ಕತಂಗಿಯರಿದ್ದಾರೆಯೇ ಎಂದು ಕೇಳಿದಳು. ಜೆಯಲಕ್ಷ್ಮಿಗೆ ಇರಲಿಲ್ಲ.

ತೇನಿ ಬೇರೆ ಜಿಲ್ಲೆಯಾದ ಮರುವರ್ಷದ ಪೊಂಗಲ್‌ಗೆ ಅವಳು ತವರಿಗೆ ಬಂದಾಗ, ದನಗಳನ್ನು ಪೂಜಿಸುವ ಮಾಟ್ಟುಪೊಂಗಲ್ಲಿನ ಬೆಳಿಗ್ಗೆ ಅಮುದಾ ಹಸುಗಳ ಮೈ ತೊಳೆಯುತ್ತಿದ್ದಳು. ಜೆಯಲಕ್ಷ್ಮಿ ಬಂದು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು, ಕೊಂಬಿಗೆ ಹಚ್ಚುವ ಬಣ್ಣದ ಡಬ್ಬಿಯನ್ನು ಸುಮ್ಮನೆ ತಿರುಗಿಸುತ್ತಿದ್ದಳು.

"ಅತ್ತಿಗೆ, ನಿನ್ನತ್ರ ಒಂದು ಕೇಳ್ಬೇಕು. ನೀನು ಬ್ಯಾಡ ಅಂದ್ರೂ ನಂಗೆ ಕೋವ ಬರಾದಿಲ್ಲ. ಕೇಳ್ದೆ ಓದ್ರೆ ಮಾತ್ರ ಸಾಯಗಂಟ ಮನ್ಸಲ್ಲಿ ಉಳ್ಕಂಡ್‌ಬುಡ್ತದೆ."

ಆಮೇಲೆ ಎಲ್ಲವನ್ನೂ ಹೇಳಿದಳು. ಅಂಡಕ್ಕೆ ಡಾಕ್ಟರಮ್ಮ ತಮಿಳಿನಲ್ಲಿ ಹೇಳಿದ ‘ಕರುಮುಟ್ಟೈ’ ಎಂಬ ಮಾತಿಗೆ ಅವರ ಮನೆಗನ್ನಡದಲ್ಲಿ ಮಾತೇ ಇರಲಿಲ್ಲ. ಮೊಟ್ಟೆ ಎಂದರೆ ಕೋಳಿ ನೆನಪಾಗುತ್ತಿತ್ತು. ಕೊನೆಗೆ, ಬೀಜ ಎನ್ನುವ ಹಾಗೆ, ‘ಬಿತ್ತು’ ಎಂದಳು. ಅಮುದಾ ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡು, ತನಗೆ ಆಪರೇಷನ್ ಆಗಿದೆಯಲ್ಲ, ಇನ್ನೆಲ್ಲಿಯ ಬಿತ್ತು ಎಂದಳು. ಅದನ್ನೂ ಕೇಳಿಕೊಂಡೇ ಬಂದಿದ್ದಳು ಜೆಯಲಕ್ಷ್ಮಿ. ಆಪರೇಷನ್ನಿನಲ್ಲಿ ದಾರಿಯನ್ನಷ್ಟೇ ಕಟ್ಟುತ್ತಾರೆ, ಒಳಗೆ ತಿಂಗಳು ತಿಂಗಳೂ ಅಂಡ ಬಲಿಯುತ್ತಲೇ ಇರುತ್ತದೆ, ಅದನ್ನು ಸೂಜಿಯಿಂದ ತೆಗೆಯಲು ಆ ದಾರಿ ಬೇಕಿಲ್ಲ.

"ನೋಡ್ತೀನಿ," ಎಂದಳು ಅಮುದಾ.

ಜೆಯಲಕ್ಷ್ಮಿ ಬಣ್ಣದ ಡಬ್ಬಿ ತೆರೆದು ಕೊಂಬಿಗೆ ಹಚ್ಚತೊಡಗಿದಳು.

ಅಳಗರನಿಗೆ ಹೇಳಿದಾಗ ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಓ, ದನದ ಆಸ್ಪತ್ರೆಯಲ್ಲಿ ಹಸುವಿಗೆ ಸೂಜಿ ಹಾಕಿಸುತ್ತೇವಲ್ಲ, ಆ ಥರದ್ದೇ ಎಂದ. ಅಮುದಾ ಸಂಜೆಯವರೆಗೆ ಅವನೊಂದಿಗೆ ಮಾತಾಡಲಿಲ್ಲ. ಊಟಕ್ಕೆ ಬಡಿಸುವಾಗ ಅವನೇ ತಗ್ಗಿದ ದನಿಯಲ್ಲಿ ಹೇಳಿದ. ತಂಗಿ ಅಳುವುದನ್ನು ನೋಡಿ ನೋಡಿ ಸಾಕಾಗಿದೆ, ಆದರೆ ಮೈ ಅಮುದಾಳದು, ತಾನು ಮಾಡು ಅನ್ನುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ. ಅವನು ಅಷ್ಟು ಹೇಳಿದ್ದೇ ಹೆಚ್ಚು ಎಂದು ಅಮುದಾಳಿಗೆ ಅನಿಸಿತು.

ಅವಳನ್ನು ಕಾಡಿದ್ದು ಬೇರೆ. ನಾದಿನಿಯ ಗಂಡನಾದ ತಂಗರಾಜ ಅವಳಿಗೆ ವರಸೆಯಲ್ಲಿ ಅಣ್ಣ. ಅವನನ್ನು ಅವಳು ಕರೆಯುತ್ತಿದ್ದುದೇ ಅಣ್ಣಾ ಎಂದು. ಅವನೋ ತಂಗಚ್ಚಿ ಎಂದಲ್ಲದೆ ಅವಳ ಹೆಸರು ಹಿಡಿದವನಲ್ಲ. ಅಣ್ಣ ತಂಗಿಯರ ಬಿತ್ತು ಒಂದು ತಟ್ಟೆಯಲ್ಲಿ ಸೇರುವುದೆಂದರೇನು? ಇದನ್ನು ಯಾರ ಹತ್ತಿರ ಕೇಳುವುದು?

ಕೇಳುವ ಜಾಗ ಮದುರೈಯಲ್ಲೇ ಸಿಕ್ಕಿತು. ನೋಡಿಸಿಕೊಂಡಾದರೂ ಬರೋಣ ಎಂದು ಮಾಸಿಯ ತಿಂಗಳಲ್ಲಿ ಎಲ್ಲರೂ ಹೋದರು. ಡಾಕ್ಟರಮ್ಮ ನರೆತ ಕೂದಲಿನ, ಮೆಲುದನಿಯ ಹೆಂಗಸು. ಉಳಿದವರನ್ನೆಲ್ಲ ಹೊರಗೆ ಕಳಿಸಿ ಅಮುದಾಳೊಬ್ಬಳನ್ನೇ ಕೂರಿಸಿಕೊಂಡಳು. ಯಾರಾದರೂ ಬಲವಂತ ಮಾಡಿದ್ದಾರೆಯೇ ಎಂದು ಮೊದಲು ಕೇಳಿದಳು. ಇಲ್ಲವೆಂದ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಮೊದಲು ರಕ್ತ ಪರೀಕ್ಷೆ, ಸ್ಕ್ಯಾನ್. ಆಮೇಲೆ ಇಬ್ಬರ ತಿಂಗಳೂ ಒಂದೇ ಹದಕ್ಕೆ ಬರಲು ಮಾತ್ರೆ. ಆಮೇಲೆ ಅಮುದಾಳಿಗೆ ದಿನವೂ ಸೂಜಿಮದ್ದು. ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡ ಬಲಿಯುತ್ತದೆ, ಈ ಮದ್ದಿಗೆ ಹಲವು ಒಟ್ಟಿಗೆ ಬಲಿಯುತ್ತವೆ. ಹೊಟ್ಟೆ ಉಬ್ಬರಿಸುತ್ತದೆ, ಎದೆ ನೋಯುತ್ತದೆ, ಸುಮ್ಮಸುಮ್ಮನೆ ಅಳು ಬರಬಹುದು. ತೆಗೆಯುವ ದಿನ ಮಂಪರು ಬರಿಸುತ್ತಾರೆ, ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ನೂರರಲ್ಲಿ ಒಬ್ಬಿಬ್ಬರಿಗೆ ಹೊಟ್ಟೆಯಲ್ಲಿ ನೀರು ತುಂಬಿ ಮಲಗಬೇಕಾಗಬಹುದು. ಇಷ್ಟೆಲ್ಲ ಮಾಡಿದರೂ ಗರ್ಭ ನಿಲ್ಲುತ್ತದೆಂಬ ಮಾತು ನಾನು ಕೊಡಲಾರೆ. ನಡುವೆ ಯಾವ ದಿನ ಬೇಡ ಅನ್ನಿಸಿದರೂ ಬೇಡ ಅನ್ನಬಹುದು.

ಆಗ ಅಮುದಾ ಅಣ್ಣನ ವಿಷಯ ಕೇಳಿದಳು. ಡಾಕ್ಟರಮ್ಮ ನಗಲಿಲ್ಲ. ಅವರು ನಿಮ್ಮನ್ನು ಮುಟ್ಟುವುದಿಲ್ಲ, ನೀವು ಅವರನ್ನು ಮುಟ್ಟುವುದಿಲ್ಲ. ನೀವು ಕೊಡುತ್ತಿರುವುದು ನಾದಿನಿಗೆ, ಅದು ಆಕೆಯ ಕೈಗೆ ಬಂದ ಮೇಲೆ ಆಕೆಯದು. ನನ್ನ ಲೆಕ್ಕ ಅಷ್ಟೇ, ಆದರೆ ನಿಮ್ಮ ಮನಸ್ಸು ಒಪ್ಪದಿದ್ದರೆ ನನ್ನ ಲೆಕ್ಕ ಕಟ್ಟಿಕೊಂಡು ಏನು ಮಾಡುತ್ತೀರಿ ಎಂದಳು.

ಅಮುದಾ ಊರಿಗೆ ಬಂದು ವಾರಗಟ್ಟಲೆ ಸುಮ್ಮನಿದ್ದಳು. ಒಂದು ಸಂಜೆ ತಂಗರಾಜನೇ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತು, "ನಿಂಗೆ ಕಷ್ಟ ಕೊಡ್ತಾ ಇವ್ನಿ, ತಂಗಚ್ಚಿ," ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಆ ಮಾತಿನಲ್ಲಿ ಕಲ್ಮಷವಿರಲಿಲ್ಲ. ಅವನಿಗೆ ಕಾಫಿ ಕೊಟ್ಟು, ಜೆಯಾಳಿಗೆ ತಾನು ಒಪ್ಪಿದೆನೆಂದು ಹೇಳಿ ಎಂದಳು ಅಮುದಾ.

ಯಾರಿಗೂ ತಿಳಿಯಬಾರದೆಂಬುದು ಜೆಯಲಕ್ಷ್ಮಿಯ ಒಂದೇ ಬೇಡಿಕೆ. ಅಮುದಾಳ ಅತ್ತೆಯೂ ಆದ ಅವಳ ತಾಯಿ ರಂಗಮ್ಮಾಳಿಗೂ. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಯಾರೂ ಬೆರಳು ತೋರಿಸಿ ಅವರದು ಇವರದು ಅನ್ನಬಾರದು ಎಂದು ಬೇಡಿಕೊಂಡಳು. ನಾಲ್ವರೂ ಒಪ್ಪಿದರು. ಅಮುದಾಳಿಗೆ ರಕ್ತ ಕಮ್ಮಿಯಾಗಿದೆ, ಅದಕ್ಕೆ ಸೂಜಿ ಎಂದು ರಂಗಮ್ಮಾಳಿಗೆ ಹೇಳಿದ್ದಾಯಿತು.

ಸೂಜಿ ಶುರುವಾದದ್ದು ಚಿತ್ತಿರೈ ತಿಂಗಳ ಬಿಸಿಲಿನಲ್ಲಿ. ಮದ್ದನ್ನು ತಣ್ಣಗಿಡಬೇಕಿತ್ತು. ತಂಗರಾಜ ಅದನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ದಿಂಡಿಗಲ್ಲಿನಿಂದ ಬಸ್ಸಿನಲ್ಲಿ ತಂದು, ಉತ್ತಮಪಾಳಯಂನ ನರ್ಸ್ ಒಬ್ಬರ ಫ್ರಿಜ್ಜಿನಲ್ಲಿ ಇರಿಸಿ ಹೋದ. ಅಮುದಾ ಸೊಸೈಟಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದುಕೊಂಡೇ ನರ್ಸಮ್ಮನ ಮನೆಗೆ ಹೋಗಿ ಸೊಂಟಕ್ಕೆ ಸೂಜಿ ಹಾಕಿಸಿಕೊಂಡು ಬರುತ್ತಿದ್ದಳು. ಮೊದಮೊದಲು ಇರುವೆ ಕಚ್ಚಿದಂತಿತ್ತು. ಆಮೇಲೆ ಚುಚ್ಚಿದ ಜಾಗವೆಲ್ಲ ಗಂಟುಕಟ್ಟಿ, ಹಾಲು ಕರೆಯಲು ಕುಕ್ಕರಗಾಲಲ್ಲಿ ಕೂತರೆ ಸೆಳೆಯುತ್ತಿತ್ತು. ಕೆಳಹೊಟ್ಟೆ ಮುಟ್ಟಿನ ಹಿಂದಿನ ದಿನದ ಹಾಗೆ ಬಿಗಿದುಕೊಂಡೇ ಇರುತ್ತಿತ್ತು. ಒಂದು ದಿನ ದುರೈ ಊಟ ಬಿಟ್ಟು ಎದ್ದನೆಂದು ಅಳು ಬಂತು, ಅತ್ತಳು, ಡಾಕ್ಟರಮ್ಮ ಹೇಳಿದ್ದು ನೆನಪಾಗಿ ಮೂಗೊರೆಸಿಕೊಂಡು ನಕ್ಕಳು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ರಂಗಮ್ಮಾಳ್ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ಜೆಯಾಳಿಗೆ ಮದುರೈಯಲ್ಲಿ ಏನೋ ಚಿಕಿತ್ಸೆ ನಡೆದಿದೆ ಎಂಬುದಷ್ಟೇ ಅವಳಿಗೆ ಗೊತ್ತು. ಅಮುದಾ ಎದುರಿಗೆ ಕೂತು ಕೈಜೋಡಿಸಿದಾಗ ಅವಳು ತನ್ನ ಪಾಡಿಗೆ ತಾನು ಹೇಳಿದಳು:

"ಎಣ್ಣಾದ್ರೆ ಸಾಕು, ತಾಯಿ. ನಮ್ ವಿಘ್ನೇಶಂಗೆ ತಂದ್ಕತೀನಿ. ಮೊರೆ ಎಣ್ಣು ಮನೆಗೇ ಬಂದ್ರೆ ನಾನು ಕಣ್ಮುಚ್ಚಬೌದು."

ಅಮುದಾಳ ಕೈಯಲ್ಲಿದ್ದ ಹುಣಸೆ ಅಲ್ಲೇ ನಿಂತಿತು. ಅವರ ಕುಲದಲ್ಲಿ ತಂದೆಯ ತಂಗಿಗೆ ಹುಟ್ಟಿದ ಹೆಣ್ಣಿನ ಮೇಲೆ ಹುಡುಗನಿಗೆ ಹುಟ್ಟಿನಿಂದಲೇ ಹಕ್ಕು. ಅದೇ ಮೊರೆ. ಬೇರೆ ಕಡೆ ಹೆಣ್ಣು ಕೊಡುವುದಾದರೆ ಆ ಹುಡುಗನ ಮನೆಯವರನ್ನು ಕೇಳಿಯೇ ಕೊಡಬೇಕು. ಅಳಗರನ ಮಗ, ಜೆಯಲಕ್ಷ್ಮಿಯ ಮಗಳು. ಊರಿನ ಕಣ್ಣಿಗೆ ಅದಕ್ಕಿಂತ ಒಪ್ಪುವ ಜೋಡಿ ಇನ್ನೊಂದಿಲ್ಲ. ಆದರೆ ಹುಟ್ಟುವ ಮಗು ತನ್ನ ಬಿತ್ತಿನಿಂದ ಹುಟ್ಟುವುದು. ತನ್ನ ಮಗನಿಗೆ ಅದು ಒಡಹುಟ್ಟು. ಇಷ್ಟು ದಿನ ಯಾರಿಗೂ, ಓದಿಕೊಂಡ ಡಾಕ್ಟರಮ್ಮನಿಗೂ, ಇದು ಹೊಳೆದಿರಲಿಲ್ಲ.

ಮುಂದಿನ ದಿನಗಳ ಸ್ಕ್ಯಾನಿಗೆ ಮೇಲಿಂದ ಮೇಲೆ ಮದುರೈಗೆ ಹೋಗಬೇಕಾದ್ದರಿಂದ ಅವಳು ದಿಂಡಿಗಲ್ಲಿನ ಜೆಯಲಕ್ಷ್ಮಿಯ ಮನೆಯಲ್ಲಿ ಉಳಿದಳು. ಮೊದಲ ಸಂಜೆಯೇ, ತಂಗರಾಜ ಮಂಡಿಯಿಂದ ಬರುವ ಮುಂಚೆ, ಅಡಿಗೆಮನೆಯಲ್ಲಿ ವಿಷಯ ಎತ್ತಿದಳು. ಹೆಣ್ಣೇ ಹುಟ್ಟಿದರೆ ಅತ್ತೆ ಬಿಡುವವರಲ್ಲ, ಅವರು ಹೋದರೂ ನೆಂಟರು ಬಿಡುವವರಲ್ಲ. ಅತ್ತೆಗೊಬ್ಬರಿಗಾದರೂ ಹೇಳಬೇಕು.

ಜೆಯಲಕ್ಷ್ಮಿ ಮುಖ ತಿರುಗಿಸಿಕೊಂಡು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಹೇಳದಿದ್ದರೆ ಕೊಡುವುದಿಲ್ಲ ಅಂತಲೋ ಎಂದಳು ಕೊನೆಗೆ.

"ಕೊಡಾಕೆ ಬಂದೀನಿ, ಕೊಟ್ಟೇ ಓಗ್ತೀನಿ," ಎಂದಳು ಅಮುದಾ. "ಯಾಪಾರ ಮಾಡ್ತಾ ಇಲ್ಲ ನಾನು. ಆದ್ರೆ ನಾಳೆ ತಾಂಬೂಲದ ತಟ್ಟೆ ತಂದಿಟ್ರೆ ನಾನು ಸುಮ್ಕಿರಾಕಾಯ್ತದಾ? ಸಬೇಲಿ ನನ್ ಬಾಯಿಂದ ಬರಾದು ಬ್ಯಾಡ. ನಿನ್ ಬಾಯಿಂದ ನಿನ್ನವ್ವಂಗೆ ಬರ್ಲಿ. ಯಾವಾಗ ಅಂತ ನೀನೇ ನೋಡ್ಕೋ."

ಎರಡು ದಿನ ಜೆಯಲಕ್ಷ್ಮಿ ಬೇಕಾದಷ್ಟೇ ಮಾತಾಡಿದಳು. ಆದರೆ ಊಟಕ್ಕೆ ಅಮುದಾಳಿಗೆ ಇಷ್ಟವೆಂದು ನುಗ್ಗೆಸೊಪ್ಪು ಹುರಿದಳು, ಸೂಜಿ ಹಾಕಿದ ಜಾಗಕ್ಕೆ ಬಿಸಿನೀರಿನ ಬಟ್ಟೆ ಒತ್ತಿದಳು. ಮದುರೈಯಲ್ಲಿ ಸ್ಕ್ಯಾನಿನ ಪರದೆಯ ಮೇಲೆ ಕಪ್ಪು ದ್ರಾಕ್ಷಿಯಂಥ ಗುಳ್ಳೆಗಳು ಎರಡೂ ಕಡೆ ಗೊಂಚಲಾಗಿ ಕಂಡಾಗ, ನರ್ಸುಗಳಿಗೆ ತಿಳಿಯದ ಕನ್ನಡದಲ್ಲಿ ಜೆಯಲಕ್ಷ್ಮಿ, ಇಷ್ಟು ಭಾರ ಹೊತ್ತುಕೊಂಡು ಹೆಂಗೆ ನಡೆಯುತ್ತಿದ್ದೀಯೆ ಅತ್ತಿಗೆ ಎಂದಳು. ಇಬ್ಬರ ನಡುವಿನ ಬಿಗಿ ಸ್ವಲ್ಪ ಸಡಿಲವಾಯಿತು. ಹೇಳುತ್ತೇನೆಂದೋ ಇಲ್ಲವೆಂದೋ ಮಾತ್ರ ಹೇಳಲಿಲ್ಲ.

ತೆಗೆಯುವ ದಿನ ಖಾಲಿ ಹೊಟ್ಟೆಯಲ್ಲಿ ಹೋದರು. ಅಳಗರ್ ಊರಿಂದ ಮೊದಲ ಬಸ್ಸಿಗೆ ಬಂದು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ. ಹಸಿರು ಬಟ್ಟೆ ಉಡಿಸಿ ಮಲಗಿಸಿದರು, ಕೈಗೆ ಸೂಜಿ ಚುಚ್ಚಿದರು, ತಲೆಯ ಮೇಲಿನ ದೀಪ ಅಗಲವಾಗುತ್ತ ಹೋಯಿತು. ಎಚ್ಚರವಾದಾಗ ಬಾಯಿ ಒಣಗಿತ್ತು, ಕೆಳಹೊಟ್ಟೆ ಹಿಂಡುತ್ತಿತ್ತು, ಸ್ವಲ್ಪ ರಕ್ತ ಕಂಡಿತ್ತು. ಆಗಿಯೇ ಹೋಯಿತೇ ಎಂದು ಕೇಳಿದಳು. ಅವಳು ಹೆರಿಗೆಗೆ ಹೆದರಿದ ಹಾಗೆ ಹೆದರಿದ್ದಳು, ಅದರ ಕಾಲು ಪಾಲು ನೋವೂ ಇರಲಿಲ್ಲ. ಚೆನ್ನಾಗಿ ನೀರು, ಎಳನೀರು, ಮಜ್ಜಿಗೆ ಕುಡಿಯಬೇಕು, ಭಾರ ಎತ್ತಬಾರದು, ಹೊಟ್ಟೆ ಉಬ್ಬುತ್ತ ಹೋದರೆ, ಉಸಿರು ಕಟ್ಟಿದರೆ, ಮೂತ್ರ ಕಮ್ಮಿಯಾದರೆ ಕೂಡಲೇ ಬರಬೇಕು ಎಂದು ಹೇಳಿ ಸಂಜೆಗೆ ಕಳಿಸಿದರು.

ಮೂರು ದಿನ ಅಮುದಾ ದಿಂಡಿಗಲ್ಲಿನಲ್ಲೇ ಮಲಗಿದಳು. ಹೊಟ್ಟೆ ಐದು ತಿಂಗಳ ಬಸುರಿಯ ಹಾಗೆ ಬಿಗಿದು, ಸೀರೆಯ ನೆರಿಗೆ ನಿಲ್ಲುತ್ತಿರಲಿಲ್ಲ. ನಿಧಾನವಾಗಿ ಇಳಿಯಿತು. ಆ ನಡುವೆಯೇ ಜೆಯಲಕ್ಷ್ಮಿಯ ಗರ್ಭದಲ್ಲಿ ಮೂರು ಭ್ರೂಣಗಳನ್ನು ಇಟ್ಟರು. ಊರಿಗೆ ಬಂದ ಅಮುದಾ ಬಕೆಟ್ ಎತ್ತದೆ, ಅಳಗರನ ಕೈಯಲ್ಲಿ ಹಸುಗಳಿಗೆ ನೀರು ಹೊಯ್ಯಿಸುತ್ತ, ತನಗೇ ಬರಬೇಕಾದ ಸುದ್ದಿಯ ಹಾಗೆ ಕಾದಳು. ಫೋನು ಬಂದದ್ದು ಮೂಲೆಯ ಎಸ್‌ಟಿಡಿ ಬೂತಿಗೆ. ಮೂರರಲ್ಲಿ ಒಂದು ನಿಂತಿತ್ತು.

ಏಳನೆಯ ತಿಂಗಳಿಗೆ ಬಳೆ ತೊಡಿಸುವ ಶಾಸ್ತ್ರವನ್ನು ದಿಂಡಿಗಲ್ಲಿನಲ್ಲಿ ಮಾಡಿದರು. ಜೆಯಲಕ್ಷ್ಮಿ ಎರಡೂ ಕೈತುಂಬ ಗಾಜಿನ ಬಳೆ ತೊಟ್ಟು, ಕೆನ್ನೆಗೆ ಗಂಧ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ಅಷ್ಟರಲ್ಲಿ ರಂಗಮ್ಮಾಳ್ ನೆರೆದ ಹೆಂಗಸರೆಲ್ಲರ ಮುಂದೆ, ಹೆಣ್ಣಾದರೆ ಅದು ನಮ್ಮ ವಿಘ್ನೇಶನದು, ಈಗಲೇ ಹೇಳಿದ್ದೇನೆ, ಆಮೇಲೆ ಯಾರೂ ಕೇಳಿಕೊಂಡು ಬರಬೇಡಿ ಎಂದಳು. ಎಲ್ಲರೂ ನಕ್ಕರು. ಒಬ್ಬಾಕೆ ಮೊಮ್ಮಗನಿಗೆ ಈಗಿನಿಂದಲೇ ಮೀಸೆ ಬರಿಸಿರಿ ಎಂದಳು. ಜೆಯಲಕ್ಷ್ಮಿ ತಲೆಯೆತ್ತಿ ಅಮುದಾಳನ್ನು ನೋಡಿದಳು. ಅಮುದಾ ಕಲಸನ್ನದ ಪಾತ್ರೆಗಳ ಕಡೆ ಎದ್ದುಹೋದಳು. ತಾನು ಅಲ್ಲಿದ್ದರೆ ಅವಳನ್ನು ಒತ್ತಾಯಿಸಿದ ಹಾಗಾಗುತ್ತದೆ ಎನಿಸಿತ್ತು.

ನೆಂಟರು ಹೋದ ಮೇಲೆ ತಾಯಿ ಮಗಳು ಕೋಣೆಯಲ್ಲಿ ಬಹಳ ಹೊತ್ತು ಇದ್ದರು. ಏನು ಮಾತಾಯಿತೋ ಅಮುದಾಳಿಗೆ ತಿಳಿಯದು. ರಂಗಮ್ಮಾಳ್ ಹೊರಗೆ ಬಂದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಳು. ಅಮುದಾ ಎಂಜಲು ಎಲೆಗಳನ್ನು ಹಾಕಿ ಬರುವಾಗ ಕೈಸನ್ನೆ ಮಾಡಿ ಕರೆದಳು. ಬೈಗುಳ ಬರುತ್ತದೆಂದೇ ಅವಳು ಹೋದದ್ದು.

"ನೊಂದಿತಾ?" ಎಂದಳು ರಂಗಮ್ಮಾಳ್.

ಅಮುದಾ ಸೆರಗಿಗೆ ಕೈ ಒರೆಸಿಕೊಂಡಳು. ಮುದುಕಿಯೇ ಮುಂದುವರಿಸಿದಳು:

"ಸೂಜಿ ಹಾಕ್ಸ್ಕಂಡು ಬಂದು ಹಾಲು ಕರೀತಿದ್ದೆ. ನಾನು ಹುಣ್ಸೆಹಣ್ಣು ಬುಡ್ಸು ಅಂತ ಕೂರುಸ್ಕತಿದ್ದೆ."

"ಅಷ್ಟೇನು ನೋಯ್ಲಿಲ್ಲ, ಅತ್ತೆ."

ಮುದುಕಿ ಒಗೆಯುವ ಕಲ್ಲನ್ನು ಅಂಗೈಯಲ್ಲಿ ಸವರುತ್ತ ಕೂತಳು. ಬಿತ್ತು ಸೊಸೆಯದು, ಇನ್ನೊಂದು ಅಳಿಯನದು, ಹಾಗಾದರೆ ತನ್ನ ರಕ್ತ ಆ ಮಗುವಿನಲ್ಲಿ ಎಲ್ಲಿ ಎಂದು ಅವಳು ಲೆಕ್ಕ ಹಾಕುತ್ತಿದ್ದಾಳೆಂದು ಅಮುದಾಳಿಗೆ ಗೊತ್ತಾಯಿತು. ಕೊನೆಗೆ ರಂಗಮ್ಮಾಳ್, "ಹೊಟ್ಟೆ ನನ್ ಮಗಳ್ದು. ಸಾಕು," ಎಂದು ಎದ್ದಳು. ಆ ವಿಷಯ ಮತ್ತೆ ಅವಳ ಬಾಯಲ್ಲಿ ಬರಲಿಲ್ಲ. ಮೊರೆಯ ಮಾತನ್ನೂ ಬಿಟ್ಟಳು. ಆದರೆ ಹೇಳಿದ್ದು ಹೇಳಿಯಾಗಿತ್ತು, ಇಪ್ಪತ್ತು ಹೆಂಗಸರು ಕೇಳಿಸಿಕೊಂಡಿದ್ದರು.

ಮೊದಲ ಹೆರಿಗೆ ತವರಿನದು. ಜೆಯಲಕ್ಷ್ಮಿ ಉತ್ತಮಪಾಳಯಂಗೆ ಬಂದಳು, ತೇನಿಯ ಆಸ್ಪತ್ರೆಯಲ್ಲಿ ಹೆಣ್ಣುಮಗುವನ್ನು ಹೆತ್ತಳು. ಆ ಮೂರು ತಿಂಗಳ ಬಾಣಂತನದ ಕೆಲಸವೆಲ್ಲ ಅಮುದಾಳ ಮೇಲೇ ಬಿತ್ತು. ಪಥ್ಯದ ಅಡಿಗೆ, ಬಟ್ಟೆ, ಬಿಸಿನೀರು. ಮಗುವನ್ನು ಮಾತ್ರ ಅವಳು ಕೇಳದೆ ಎತ್ತಿಕೊಳ್ಳುತ್ತಿರಲಿಲ್ಲ. ಮಗು ಅತ್ತಾಗ ಅವಳ ಕಾಲು ತಾನಾಗಿ ಎರಡು ಹೆಜ್ಜೆ ಹೋಗಿ, ಜೆಯಲಕ್ಷ್ಮಿಯ ಮುಖ ನೋಡಿ ನಿಲ್ಲುತ್ತಿತ್ತು. ಕೊಟ್ಟದ್ದನ್ನು ಕೊಟ್ಟಾಯಿತು ಎಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ. ಆದರೆ ಒಂದು ಬೆಳಿಗ್ಗೆ ರಂಗಮ್ಮಾಳ್ ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ ಮಗುವಿನ ಎಡಗಿವಿಯ ಅಂಚು ಒಳಕ್ಕೆ ಮಡಿಚಿರುವುದು ಕಂಡಿತು. ದುರೈಯದೂ ಹಾಗೇ. ಅಮುದಾ ನೀರಿನ ಚೊಂಬನ್ನು ಕೆಳಗಿಟ್ಟು ಕೊಟ್ಟಿಗೆಗೆ ಹೋಗಿ, ಕಸವಿಲ್ಲದ ನೆಲವನ್ನು ಗುಡಿಸಿದಳು. ತಿರುಗಿ ನೋಡಿದರೆ ಜೆಯಲಕ್ಷ್ಮಿ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿಂದೆಯೇ ನಿಂತಿದ್ದಳು.

"ತಗೋ, ಅತ್ತಿಗೆ. ನಿಂಗೆ ಕೊಡಾಕೆ ನಂಗೆ ಭಯ ಇತ್ತು. ಈಗ ಇಲ್ಲ. ನಾನು ಎಣ್ಣೆ ಇಕ್ಕಂಡು ನೀರು ಹುಯ್ಕಂಡು ಬತ್ತೀನಿ."

ಅಂದಿನಿಂದ ಎರಡು ಹೊತ್ತು ಮಗು ಅಮುದಾಳ ತೊಡೆಯ ಮೇಲೆ ಮಲಗುತ್ತಿತ್ತು. ಅವಳು ಕಾದಿದ್ದ ಹಾಗೆ ಕರುಳು ಹರಿಯುವಂಥದ್ದೇನೂ ಆಗಲಿಲ್ಲ. ಅಕ್ಕಂದಿರ ಮಕ್ಕಳನ್ನು ಎತ್ತಿಕೊಂಡಾಗ ಬರುತ್ತಿದ್ದ ಪ್ರೀತಿಗಿಂತ ಒಂದು ಹಿಡಿ ಹೆಚ್ಚು, ತನ್ನ ಮಕ್ಕಳದಕ್ಕಿಂತ ಬೇರೆ.

ಹೆಸರಿಡುವ ಹಿಂದಿನ ವಾರ ರಂಗಮ್ಮಾಳ್ ಒಂದು ಮಾತು ತೆಗೆದಳು. ಆ ಕಡೆ ಹಳೆಯ ರೂಢಿಯೊಂದಿದೆ. ಬಹಳ ಕಾಲ ಕಾದು ಹುಟ್ಟಿದ ಮಗುವಿಗೆ ಕಣ್ಣು ತಾಗದಿರಲೆಂದು, ಅದನ್ನು ಮೊರದಲ್ಲಿ ಮಲಗಿಸಿ ಬೇರೆ ಹೆಂಗಸಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ಹೆತ್ತವಳು ತೌಡು ಕೊಟ್ಟು ಅದನ್ನು ಕೊಂಡುಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಆ ಮಗು ಶಾಸ್ತ್ರಕ್ಕೆ ಇನ್ನೊಬ್ಬಳದು, ಇವಳು ತೌಡಿಗೆ ತಂದು ಸಾಕಿದವಳು. ವಿಧಿಗೆ ಗುರುತು ಸಿಕ್ಕುವುದಿಲ್ಲ. ಏಳು ವರ್ಷ ಕಾದ ಮಗು, ಈ ಶಾಸ್ತ್ರ ಮಾಡದೆ ಬಿಟ್ಟರೆ ಹೇಗೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಯಾರ ಕೈಗೆ ಕೊಡುವುದು ಎಂದು ನೆರೆಯವರು ಕೇಳಿದ್ದಕ್ಕೆ, ಮನೆಯಲ್ಲೇ ಸೊಸೆ ಇರುವಾಗ ಬೇರೆ ಯಾರನ್ನು ಹುಡುಕಲಿ ಎಂದಳು. ಅಮುದಾ, ಜೆಯಲಕ್ಷ್ಮಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮುದುಕಿ ತಿಂಗಳುಗಟ್ಟಲೆ ಸುಮ್ಮನಿದ್ದದ್ದು ಯಾಕೆಂದು ಆಗ ಇಬ್ಬರಿಗೂ ತಿಳಿಯಿತು.

ಬಳೆ ತೊಡಿಸುವ ದಿನ ಬಂದಿದ್ದ ನೆಂಟರನ್ನೆಲ್ಲ ಹೆಸರು ಹಿಡಿದು ಕರೆಸಿದಳು. ಪಡಸಾಲೆಯಲ್ಲಿ ಹೊಸ ಮೊರಕ್ಕೆ ಅರಿಸಿನ ಹಚ್ಚಿ, ಹಳೆಯ ಸೀರೆ ಹಾಸಿ ಮಗುವನ್ನು ಮಲಗಿಸಿದರು. ಜೆಯಲಕ್ಷ್ಮಿ ಮೊರವನ್ನು ಎತ್ತಿ ಅಮುದಾಳಿಗೆ ಕೊಟ್ಟು, ಇದು ನಿನ್ನ ಮಗು ಎಂದು ಮೂರು ಸಲ ಹೇಳಬೇಕು. ಎರಡನೆಯ ಸಲ ಹೇಳುವಾಗ ಅವಳು ಅತ್ತಳು. ಶಾಸ್ತ್ರಕ್ಕೆ ಇಷ್ಟೊಂದು ಅಳುವುದೇ ಎಂದು ನೆಂಟರು ನಕ್ಕರು. ಅಮುದಾ ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಮಗು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ಆಮೇಲೆ ಜೆಯಲಕ್ಷ್ಮಿ ಇನ್ನೊಂದು ಮೊರದ ತುಂಬ ತೌಡು ತಂದು ಮುಂದಿಟ್ಟು ಬೇಡಿದಳು. ಅಮುದಾ ಮಗುವನ್ನು ಎತ್ತಿ ಅವಳ ಮಡಿಲಿಗೆ ಹಾಕಿದಳು. ಯುವಶ್ರೀ ಎಂದು ಹೆಸರಿಟ್ಟರು.

ಎಲ್ಲ ಮುಗಿದ ಮೇಲೆ ರಂಗಮ್ಮಾಳ್ ವಿಘ್ನೇಶನನ್ನು ಕರೆದು ಮಗುವಿನ ಪಕ್ಕ ಕೂರಿಸಿದಳು.

"ನೋಡು ಕಣ್ಣು, ನಿಮ್ಮವ್ವನ ಮಡ್ಲಿಗೆ ಬಿದ್ದು ಎದ್ದವ್ಳೆ. ಇವಳು ಇನ್ಮ್ಯಾಲೆ ನಿಂಗೆ ತಂಗಿ."

ಒಬ್ಬಾಕೆ, ಅಯ್ಯೋ, ಮೊರೆ ಹೆಣ್ಣನ್ನು ತಂಗಿ ಮಾಡಿಬಿಟ್ಟೆಯಲ್ಲ, ಮೊಮ್ಮಗನಿಗೆ ಎಲ್ಲಿಂದ ತರುತ್ತೀ ಎಂದು ರಾಗ ಎಳೆದಳು. ಮಗುವಿನ ಆಯುಸ್ಸಿಗಿಂತ ಮೊರೆ ದೊಡ್ಡದಲ್ಲ, ಕಣಿವೆಯಲ್ಲಿ ಹೆಣ್ಣಿಗೆ ಬರವಿಲ್ಲ ಎಂದಳು ರಂಗಮ್ಮಾಳ್. ಮಾತು ಅಲ್ಲಿಗೆ ನಿಂತಿತು. ಆ ರಾತ್ರಿಯ ಅಡಿಗೆಗೆ ಮೊದಲು ಅಮುದಾ ತೌಡನ್ನು ಹಸುಗಳಿಗೆ ಕಲಸಿ ಹಾಕಿದಳು.

ಯುವಶ್ರೀ ದಿಂಡಿಗಲ್ಲಿನಲ್ಲಿ ಬೆಳೆದಳು. ಮಾತು ಕಲಿತ ಮೇಲೆ ಅಮುದಾಳನ್ನು ಅತ್ತೆ ಎನ್ನಬೇಕೋ ಅಮ್ಮ ಎನ್ನಬೇಕೋ ಎಂದು ಗೊಂದಲವಾಗಿ, ತಾನಾಗಿ ‘ತೌಡಮ್ಮ’ ಎಂದು ಕರೆಯತೊಡಗಿದಳು. ಊರಿನವರಿಗೆ ಅದು ತಮಾಷೆ. ಕಿವಿ ಚುಚ್ಚುವಾಗ ಸೋದರಮಾವನಾದ ಅಳಗರನ ತೊಡೆಯ ಮೇಲೆ ಕೂತು ಕಿರುಚಿದಳು, ಪಕ್ಕದಲ್ಲೇ ಇದ್ದ ಅಮುದಾಳನ್ನು ದಾಟಿ ಜೆಯಲಕ್ಷ್ಮಿಯ ಕಡೆ ಕೈ ಚಾಚಿದಳು. ಅದು ಹಾಗೇ ಇರಬೇಕಾದದ್ದು ಎಂದು ಅಮುದಾ ಅಂದುಕೊಂಡಳು. ಅಂದುಕೊಂಡ ಮೇಲೂ ಒಂದು ಗಳಿಗೆ ಆ ಚಾಚಿದ ಕೈಯನ್ನೇ ನೋಡಿದಳು. ಮಗಳು ಬುದ್ಧಿ ಬಲಿತ ಮೇಲೆ ಎಲ್ಲ ಹೇಳುತ್ತೇನೆಂದು ಜೆಯಲಕ್ಷ್ಮಿ ಅಂದೇ ಅವಳಿಗೆ ಹೇಳಿದಳು. ಹಾಗೆ ಹೇಳೆಂದು ಅಮುದಾ ಕೇಳಿಕೊಂಡಿರಲಿಲ್ಲ.

ಕಿವಿ ಚುಚ್ಚಿದ ಆ ವರ್ಷದ ಕೊನೆಯಲ್ಲಿ ಚಿನ್ನಮನೂರಿನಿಂದ ಮಾರಿಯಮ್ಮಾಳ್ ಎಂಬ ಹೆಂಗಸೊಬ್ಬಳು ಅಮುದಾಳನ್ನು ಹುಡುಕಿಕೊಂಡು ಬಂದಳು. ಡಾಕ್ಟರಮ್ಮನಿಗೆ ಮಗಳನ್ನು ತೋರಿಸಲು ಮದುರೈಯ ಅದೇ ಆಸ್ಪತ್ರೆಗೆ ಹೋಗಿದ್ದ ಜೆಯಲಕ್ಷ್ಮಿಯ ಪರಿಚಯವಾಗಿ, ಅವಳೇ ಕಳಿಸಿದ್ದಳು. ಮಾರಿಯಮ್ಮಾಳ್ ತನ್ನ ಅಕ್ಕನಿಗೆ ಬಿತ್ತು ಕೊಡಬೇಕೆಂದಿದ್ದಳು, ಭಯವಾಗುತ್ತಿತ್ತು. ಅಮುದಾ ಅವಳನ್ನು ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಕೂರಿಸಿ, ಸೂಜಿ ಎಲ್ಲಿ ಹಾಕುತ್ತಾರೆ, ಎಷ್ಟು ನೋಯುತ್ತದೆ, ಹೊಟ್ಟೆ ಹೇಗೆ ಬಿಗಿಯುತ್ತದೆ, ಎದ್ದ ಮೇಲೆ ಏನು ಕುಡಿಯಬೇಕು ಎಂದು ಒಂದೊಂದಾಗಿ ಹೇಳಿದಳು. ನಿಲ್ಲದೆಯೂ ಹೋಗಬಹುದು, ಆಗ ಕೊಟ್ಟವಳೂ ಅಳುತ್ತಾಳೆ, ಅದಕ್ಕೂ ತಯಾರಿರು ಎಂದಳು.

"ಮೈಯ್ದು ವಾರದಲ್ಲಿ ಸರಿ ಓಯ್ತದೆ, ಅದ್ಕೆ ಅಂಜಬ್ಯಾಡ. ಮೊದ್ಲು ನಿಮ್ಮಕ್ಕನ ಜೊತೆ ಕೂತು ಒಂದು ಮಾತಾಡ್ಕೋ. ಯಾರ್ಗೆ ಯೋಳಾದು, ನಾಳೆ ಆ ಮಗ ನಿನ್ನ ಏನಂತ ಕೂಗ್ಬೇಕು, ನಿನ್ ಮಕ್ಳಿಗೆ ಅದು ಏನಾಗ್ಬೇಕು ಅಂತ. ನಾವು ಸೂಜಿ ಚುಚ್ಚಿಸ್ಕಂಡ ಮ್ಯಾಲೆ ಯೋಚ್ನೆ ಮಾಡ್ದೋ."

ಮಾರಿಯಮ್ಮಾಳ್, ಹಾಗಾದರೆ ಕೊಡಲೋ ಬೇಡವೋ ನೀವೇ ಹೇಳಿ ಅಕ್ಕಾ ಎಂದಳು. ಅದನ್ನು ಬೇರೆಯವರು ಹೇಳಲಾಗುವುದಿಲ್ಲ ಎಂದಳು ಅಮುದಾ. ಅಷ್ಟರಲ್ಲಿ ಕರೆಯುವ ಹೊತ್ತಾಗಿ ಹಸು ಒದರಿತು. ಸ್ವಲ್ಪ ತಡೆ, ಕಾಫಿ ಕುಡಿದು ಹೋಗುವೆಯಂತೆ ಎಂದು ಬಂದವಳನ್ನು ಕೂರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕರುವನ್ನು ಬಿಡಲು ಎದ್ದಳು.